ರಾಮಸ್ವಾಮಿ ಮೇಷ್ಟ್ರ ತಿಥಿ ಲೆಕ್ಕ

ನಮ್ಮ ಮಲ್ಲೇಶ್ವರಂ ಕ್ರಾಸಿನ ರಾಮಸ್ವಾಮಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಎಂಥ ಲೆಕ್ಕಗಾರನೆಂದರೆ, ನೀವು ಹುಟ್ಟಿದ ತಾರೀಖು ಹೇಳಿ ಒಂದು ಸಲ ಸೀನಿದರೆ, ಎರಡನೇ ಸೀನು ಬರುವಷ್ಟರಲ್ಲಿ ವಾರ, ತಿಥಿ, ನಕ್ಷತ್ರ ಒಪ್ಪಿಸಿ, ಮೂರನೆಯದು ಎಷ್ಟು ಗಂಟೆಗೆ ಬರುತ್ತದೆಂದೂ ಹೇಳುತ್ತಿದ್ದ. ನಂಬದಿದ್ದರೆ ಬಿಡಿ, ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ.

೧೯೯೯ರಲ್ಲಿ ಕಂಪ್ಯೂಟರ್ ಕೊಂಡ. ಅದು ಎಷ್ಟು ಕಾಯುತ್ತಿತ್ತೆಂದರೆ ಅವನ ಹೆಂಡತಿ ಚೂಡಾಮಣಿ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಅದರಲ್ಲಿ ತಿಥಿ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಬರೆದು ಇಂಟರ್ನೆಟ್ಟಿಗೆ ಹಾಕಿದ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಒಳಗಿನ ಕೋಡ್ ಓದಬಹುದು, ತಪ್ಪಿದ್ದರೆ ತಿದ್ದಬಹುದು. ನಮ್ಮ ಬೀದಿಯ ಹನ್ನೊಂದು ಮನೆಯವರು ಪಂಚಾಂಗವನ್ನು ಅಟ್ಟಕ್ಕೆ ಎಸೆದರು.

ಅದೇ ಜೋರಿನಲ್ಲಿ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ಬೀದಿಯ ಪುರೋಹಿತ ಶ್ರೀನಿವಾಸಯ್ಯನವರಿಗೆ ಎಲ್ಲರೆದುರು ಹೇಳಿಬಿಟ್ಟ: "ಜೋಯಿಸ್ರೇ, ನಿಮ್ಮ ಪಂಚಾಂಗದ ತುಂಬ ಅಚ್ಚಿನ ತಪ್ಪು. ಇನ್ಮೇಲೆ ದಿನ ನಾವ್ ಹೇಳ್ತೀವಿ. ನೀವು ಬಂದು ಮಂತ್ರ ಹೇಳಿ, ಸಾಕು."

"ಆಗ್ಲಿ ಮೇಷ್ಟ್ರೇ," ಎಂದರು ಅವರು, ಪಾಯಸ ಸೊರ್ರನೆ ಹೀರುತ್ತಾ. "ನಂಗೂ ಕೆಲ್ಸ ಕಮ್ಮಿ ಆಯ್ತು."

ಮರುವರ್ಷ ರಾಮಸ್ವಾಮಿಯ ತಾಯಿ ಶೈಲಜಮ್ಮ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ಮೂರು ತಿಂಗಳು ಒಂದೇ ಒಂದು ರವೆ ಉಂಡೆ ಕೇಳುತ್ತಿದ್ದರು. ಡಾಕ್ಟರು ಬೇಡವೆಂದಿದ್ದರು, ಇವನು ಕೊಡಲಿಲ್ಲ. ಅದಕ್ಕೇ ಪ್ರತಿ ವರ್ಷ ಶ್ರಾದ್ಧಕ್ಕೆ ತಾನೇ ಕೂತು ಉಂಡೆ ಕಟ್ಟುತ್ತಿದ್ದ. ಆ ಒಂದು ದಿನವಾದರೂ ಅಮ್ಮ ಹೊಟ್ಟೆತುಂಬ ತಿನ್ನಲಿ ಎಂದು.

೨೦೦೬ರಲ್ಲಿ ಯಾರೋ ಅಪರಿಚಿತರ ಇ-ಮೇಲ್ ಬಂತು. ನಿಮ್ಮ ಕೋಡ್ ಶ್ರಾದ್ಧಕ್ಕೂ ಸೂರ್ಯೋದಯದ ತಿಥಿಯನ್ನೇ ಹಿಡಿಯುತ್ತದೆ. ಹಬ್ಬಕ್ಕೆ ಅದು ಸರಿ, ಶ್ರಾದ್ಧಕ್ಕೆ ಅಪರಾಹ್ನ, ಅಂದರೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರೊಳಗಿನ ತಿಥಿ ಬೇಕಲ್ಲವೇ, ಎಂದು. ರಾಮಸ್ವಾಮಿ ಲೆಕ್ಕ ಹಾಕಿ ನೋಡಿದ. ಅಮ್ಮನ ಐದು ಶ್ರಾದ್ಧಗಳಲ್ಲಿ ನಾಲ್ಕು ಒಂದು ದಿನ ತಡವಾಗಿ ನಡೆದಿದ್ದವು.

ಬರಿಗಾಲಲ್ಲೇ ಜೋಯಿಸರ ಮನೆಗೆ ಓಡಿದ. ಹಿಂದೆ ನಾನೂ ಹೋದೆ.

"ನಿಮ್ಗೆ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು. ನಾಲ್ಕು ಸಲಾನೂ ಗೊತ್ತಿತ್ತು."

"ಮತ್ತೆ ಒಂದ್ಮಾತು ಹೇಳ್ಬಾರ್ದಿತ್ತಾ?"

"ಮಂತ್ರ ಹೇಳಿ ಸಾಕು ಅಂದ್ರಿ, ಹೇಳ್ದೆ." ಜೋಯಿಸರು ವೀಳ್ಯದೆಲೆಗೆ ಸುಣ್ಣ ಸವರಿದರು. "ನಿಮ್ಮ ತಾಯಿ ಪಾಪ ಸರಿಯಾದ ದಿನಾನೇ ಬಂದಿರ್ತಾರೆ. ಮನೇಲಿ ಉಪ್ಪಿಟ್ಟಿನ ವಾಸ್ನೆ ನೋಡ್ಕೊಂಡು ವಾಪಸ್ ಹೋಗಿರ್ತಾರೆ. ಅದಕ್ಕೂ ಈರುಳ್ಳಿ ಹಾಕಿರ್ತೀರಿ."

ನನಗೆ ನಗು ತಡೆಯಲಾಗಲಿಲ್ಲ, ನಕ್ಕೇಬಿಟ್ಟೆ. ರಾಮಸ್ವಾಮಿ ಮಾತ್ರ ಕಂಬ ಹಿಡಿದು ನಿಂತಿದ್ದ.

"ಈಗೇನ್ ಮಾಡ್ಲಿ?"

"ತಪ್ಪಿಹೋದೋರಿಗೆಲ್ಲ ಮಹಾಲಯ ಅಮಾವಾಸ್ಯೆ ದಿನ ಮಾಡ್ಬಹುದು. ಬರ್ತೀನಿ ಬಿಡಿ."

ಅವತ್ತೇ ಕೋಡ್ ತಿದ್ದಿದ. ಸುಮ್ಮನಿದ್ದಿದ್ದರೆ ಬೀದಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಏನು ತಪ್ಪಿತ್ತು, ಏನು ತಿದ್ದಿದೆ ಎಂದು ಬಳಸುವವರಿಗೆಲ್ಲ ತಿಳಿಸುವುದು ಹೀಗೆ ಪುಕ್ಕಟೆ ಕೋಡ್ ಹಂಚುವವರ ಪದ್ಧತಿಯಂತೆ. ಹನ್ನೊಂದು ಮನೆಗೂ ಹೋಗಿ ಹೇಳಿ, ಹನ್ನೊಂದರಲ್ಲೂ ಬೈಸಿಕೊಂಡು ಬಂದ.

ಅಮಾವಾಸ್ಯೆ ದಿನ ಉಂಡೆ ಕಟ್ಟಿಟ್ಟು, ಮಡಿಯುಟ್ಟು, ಹನ್ನೆರಡಕ್ಕೇ ಬಾಗಿಲಲ್ಲಿ ನಿಂತ. ಎರಡಾಯಿತು. ಮೂರಾಯಿತು. ಜೋಯಿಸರಿಗೆ ಫೋನ್ ಮಾಡಿದ.

"ಮೇಷ್ಟ್ರೇ, ನಿಮ್ಮ ಪ್ರೋಗ್ರಾಂ ನಂಬಿದ್ದ ಹನ್ನೊಂದು ಮನೆಯೋರೂ ಇವತ್ತೇ ಕರ್ದಿದಾರೆ. ಏಳು ಮುಗೀತು. ನಿಮ್ದು ಕೊನೇದು."

ಮಹಾಲಯ ಅಮಾವಾಸ್ಯೆಯ ದಿನ ಬೇರೆ ಪುರೋಹಿತರನ್ನು ಹುಡುಕುವುದಕ್ಕಿಂತ ಹುಲಿಯ ಹಾಲು ಹುಡುಕುವುದು ಸುಲಭ.

ಜೋಯಿಸರು ಬಂದಾಗ ಐದೂಮುಕ್ಕಾಲು. ಅಂಗಳದಲ್ಲೇ ನಿಂತು ಆಕಾಶ ನೋಡಿದರು.

"ಅಪರಾಹ್ನ ಹೋಯ್ತು ಮೇಷ್ಟ್ರೇ. ಈಗ ಪಿಂಡ ಇಟ್ರೆ ಅವ್ರಿಗೆ ಮುಟ್ಟಲ್ಲ. ಮುಂದಿನ್ ವರ್ಷ ನೋಡೋಣ," ಎಂದು ಕುಡಿಯಲು ನೀರು ಕೇಳಿದರು.

ಚೂಡಾಮಣಿ ನೀರು ತಂದಳು. ರಾಮಸ್ವಾಮಿ ಶ್ರಾದ್ಧಕ್ಕೆಂದು ಹಾಕಿದ್ದ ಮಣೆ ಎತ್ತಲಿಲ್ಲ.