ಪಟ್ಟಾಯದಲ್ಲಿ ಅಣ್ಣಾರು ಕೂತಿದ್ದ ಜಾಗ

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನಾವಿದ್ದ ಕಟ್ಟಡದಲ್ಲೇ, ನಮ್ಮ ಕೆಳಗಿನ ಮಹಡಿಯಲ್ಲಿ ಅವರ ಮನೆ. ಅವರು ಬಾಗಲಕೋಟೆ ಕಡೆಯವರು, ನಾವು ಧಾರವಾಡದವರು. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಕೆಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ, ತಡೆಯಲಾರದೆ ಇಳಿದು ಹೋಗಿ ಬಾಗಿಲು ತಟ್ಟಿದ್ದೆ. ಬಾಗಿಲು ತೆರೆದವರು ಕೈಯಲ್ಲಿನ ಹಿಟ್ಟು ಕೊಡವುತ್ತ, ಯಾರು ಏನು ಎಂದು ಕೇಳದೆ ಒಳಗೆ ಕರೆದು ತಾಟು ಇಟ್ಟರು. ಅವತ್ತಿನಿಂದ ಅವರು ನನಗೆ ವೈನಿ, ಅವರ ಗಂಡ ಅಣ್ಣಾರು.

ಅಣ್ಣಾರು ಮತ್ತು ನನ್ನ ಗಂಡ ಒಂದೇ ಕಂಪನಿಯಲ್ಲಿ, ಕ್ರೇನು ಬುಲ್ಡೋಜರುಗಳ ಸರ್ವಿಸ್ ವಿಭಾಗದಲ್ಲಿ ಇದ್ದರು. ಅಣ್ಣಾರು ಹಿರಿಯರು. ಇಡೀ ದಿನ ಎಂಜಿನ್ ಸದ್ದಿನಲ್ಲಿ ಕಳೆಯುತ್ತಿದ್ದ ಅವರಿಗೆ ಮನೆಯಲ್ಲಿ ಟಿವಿ ಜೋರಾದರೂ ಆಗುತ್ತಿರಲಿಲ್ಲ. ರಜೆ ಬಂದರೆ ನಮ್ಮೆಲ್ಲರನ್ನೂ ಕಾರಿನಲ್ಲಿ ಹೇರಿಕೊಂಡು ಕಡಲತೀರದ ಸೂರ್ ಊರಿಗೆ ಹೊರಡುವರು. ಅಲ್ಲಿ ಮರದ ಹಡಗು ಕಟ್ಟುವ ಅಂಗಳದಲ್ಲಿ ಗಂಟೆಗಟ್ಟಲೆ ನಿಂತು, ಹಲಗೆಯ ಮೇಲೆ ಕೈಯಾಡಿಸುತ್ತ ನೋಡುವರು. ಅವರ ಮಗಳು ಬೇಜಾರಿನಿಂದ ಇಂಗ್ಲಿಷಿನಲ್ಲಿ ಗೊಣಗಿದರೆ, ಅವರು ಅಪ್ಪಟ ಬಾಗಲಕೋಟೆ ಮಾತಿನಲ್ಲಿ ಉತ್ತರ ಕೊಡುವರು. ಹುಟ್ಟಿದಾಗಿನಿಂದ ಆ ಅಪ್ಪ ಮಗಳು ಹಾಗೆಯೇ ಮಾತಾಡಿಕೊಂಡಿದ್ದರು. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಆ ವರ್ಷ ಈದ್ ರಜೆಗೆ ಸರ್ವಿಸ್ ವಿಭಾಗದ ನಾಲ್ವರು ಗಂಡಸರು ಥಾಯ್ಲೆಂಡಿಗೆ ಹೊರಟರು. ಅದರಲ್ಲಿ ನನ್ನ ಗಂಡನೂ ಒಬ್ಬರು, ಅಣ್ಣಾರೂ ಒಬ್ಬರು. ಬ್ಯಾಂಕಾಕಿನಲ್ಲಿ ಒಂದೆರಡು ದಿನ, ಉಳಿದದ್ದು ಪಟ್ಟಾಯದ ಸಮುದ್ರದಂಡೆಯಲ್ಲಿ. ಗಲ್ಫಿನಲ್ಲಿ ಬಾಳಿದವರಿಗೆ ಗೊತ್ತು, ಪಟ್ಟಾಯ ಎಂದರೆ ಬರೀ ಒಂದು ಊರಿನ ಹೆಸರಲ್ಲ. ಗಂಡಸರು ಆ ಹೆಸರು ಹೇಳುವಾಗ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಹೆಂಗಸರು ಮಾತು ಬದಲಿಸುತ್ತಾರೆ. ನನಗೆ ಒಳಗೊಳಗೆ ಕಿರಿಕಿರಿಯಾಗಿತ್ತು. ವೈನಿ ಮಾತ್ರ ನಕ್ಕು, ಅಣ್ಣಾರ ಚೀಲಕ್ಕೆ ಶೇಂಗಾ ಚಟ್ನಿ ತುಂಬಿ ಕಳಿಸಿದರು. ಅವರು ಸಂಜೆಯಾದರೆ ಕಣ್ಣು ಬಿಡಲಾರದೆ ಕೂತಲ್ಲೇ ತೂಕಡಿಸುವ ಮನುಷ್ಯ, ಅಲ್ಲಿ ಹೋಗಿ ಏನು ಮಾಡ್ತಾರ ಎಂದು ತಮಾಷೆ ಮಾಡಿದರು.

ಅಣ್ಣಾರು ಅಲ್ಲಿಂದ ಫೋಟೋ ಕಳಿಸುತ್ತಿದ್ದರು. ಹವಳದ ದ್ವೀಪಕ್ಕೆ ಹೋಗುವ ದೋಣಿ, ಇಡೀ ಮರದಲ್ಲೇ ಕೆತ್ತಿದ ಒಂದು ದೊಡ್ಡ ಗುಡಿ. ಆಮೇಲೆ ಒಂದು ತಟ್ಟೆಯಲ್ಲಿ ಅನ್ನ, ಅದರ ಪಕ್ಕ ಹೆಚ್ಚಿದ ಮಾವಿನಹಣ್ಣು. ‘ಇಲ್ಲೆ ಮಾವಿನಹಣ್ಣಿನ ಜೋಡಿ ಅನ್ನಾ ಉಣ್ತಾರ’ ಎಂದು ಕೆಳಗೆ ಬರೆದಿದ್ದರು. ವೈನಿ ಅದನ್ನು ಮಹಡಿ ಹತ್ತಿ ಬಂದು ನನಗೆ ತೋರಿಸಿ ಹೋದರು.

ಮರುದಿನ ಇಲ್ಲಿ ಇನ್ನೂ ಬಿಸಿಲು ಇಳಿಯುತ್ತಿತ್ತು, ಅಲ್ಲಿ ಆಗಲೇ ರಾತ್ರಿಯಾಗಿತ್ತು. ನನ್ನ ಗಂಡ ಫೋನ್ ಮಾಡಿದರು. ದನಿಯೇ ಅವರದೆನಿಸಲಿಲ್ಲ.

“ನೀ ಕೆಳಗ ಹೋಗು,” ಎಂದರು. “ಅಣ್ಣಾರು ಹೋಗಿಬಿಟ್ರು. ವೈನಿ ಒಬ್ಬರ ಇರಬಾರದು.”

ಹೃದಯಾಘಾತ ಎಂದರು. ಮೆಟ್ಟಿಲು ಇಳಿಯುವಾಗ ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದೆಲ್ಲ ಬಾಗಿಲು ತೆರೆದ ಕೂಡಲೇ ಮರೆತುಹೋಯಿತು. ವೈನಿ ನೆಲದ ಮೇಲೆ ಪೇಪರ್ ಹಾಸಿ ಮೆಂತ್ಯೆಪಲ್ಲೆ ಸೋಸುತ್ತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು. ನಾನು ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ, ಅಷ್ಟೇ. ಆಮೇಲಿನದನ್ನು ಬರೆಯುವ ಶಕ್ತಿ ನನಗಿಲ್ಲ.

ಅಣ್ಣಾರ ದೇಹ ಬ್ಯಾಂಕಾಕಿನಿಂದ ಬೆಂಗಳೂರಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಊರಿಗೆ ಹೋಯಿತು. ವೈನಿ ಮತ್ತು ಮಗಳು ಇಲ್ಲಿಂದ ಹೋದರು. ಕಾರ್ಯಗಳೆಲ್ಲ ಮುಗಿದ ಮೇಲೆ ಮರಳಿ ಬಂದರು. ವೈನಿ ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಟೀಚರ್. ಅವರಿಗೆ ಅವರದೇ ವೀಸಾ ಇತ್ತು. ಮಗಳದು ಹನ್ನೆರಡನೆಯ ತರಗತಿ, ನಡುವೆ ಬಿಡುವ ಹಾಗಿರಲಿಲ್ಲ.

ಬಂದ ಮೇಲೆ ಶುರುವಾಯಿತು ಇನ್ನೊಂದು.

ಮೊದಮೊದಲು ಮಾತಾಡಿಸಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಎಲ್ಲಿ ಆಯಿತು? ಪಟ್ಟಾಯ ಎಂದ ಕೂಡಲೇ ಅವರ ಮುಖದಲ್ಲಿ ಏನೋ ಒಂದು ಹಾದುಹೋಗುತ್ತಿತ್ತು. ಹೌದಾ ಎಂದು ಚಹಾದ ಕಪ್ಪು ಎತ್ತಿಕೊಳ್ಳುವರು. ಕೇಳದೆ ಉಳಿಸಿಕೊಂಡ ಪ್ರಶ್ನೆ ಕೋಣೆಯಲ್ಲೇ ಉಳಿದುಬಿಡುತ್ತಿತ್ತು. ಒಮ್ಮೆ ಬರ್ಕಾದಲ್ಲಿ ತೋಟದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಕನ್ನಡದವರೆಲ್ಲ ಸೇರಿದ್ದೆವು. ನಾನೇ ಬಲವಂತ ಮಾಡಿ ವೈನಿಯನ್ನು ಕರೆದುಕೊಂಡು ಹೋಗಿದ್ದೆ. ಅಡುಗೆಮನೆಯಲ್ಲಿ ನಾಲ್ಕಾರು ಹೆಂಗಸರು ಮಾತಾಡುತ್ತಿದ್ದವರು ವೈನಿ ಒಳಗೆ ಕಾಲಿಟ್ಟ ತಕ್ಷಣ ಗಪ್ಪಾದರು. ವೈನಿ ನೀರು ತಗೊಂಡು, ಯಾರನ್ನೂ ನೋಡದೆ ಹೊರಗೆ ಬಂದು ಖರ್ಜೂರದ ಮರದ ಕೆಳಗೆ ಕೂತರು. ಮನೆಗೆ ಹೋಗೋಣವೇ ಎಂದು ಕೇಳಿದೆ. ಬೇಡ, ಈಗ ಹೋದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ ಎಂದರು.

ಮಗಳಿಗೂ ಅದು ಮುಟ್ಟಿತ್ತು. ತರಗತಿಯ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಏನೋ ಹಾಕಿದ್ದರಂತೆ. ಒಂದು ಸಂಜೆ ಆಕೆ ನನ್ನೆದುರಿಗೇ ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು, ಅಪ್ಪ ಯಾರ ಜೊತೆಗಿದ್ದರು ಎಂದು. ವೈನಿ ಗೊತ್ತಿಲ್ಲ ಎಂದರು. ಅದು ನಿಜವೇ ಆಗಿತ್ತು. ಗೊತ್ತಿಲ್ಲ ಎಂಬ ಆ ಉತ್ತರಕ್ಕಿಂತ ಬೇರೆ ಏನು ಹೇಳಿದ್ದರೂ ಹುಡುಗಿಗೆ ಕಡಿಮೆ ನೋವಾಗುತ್ತಿತ್ತೇನೋ. ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಗೊತ್ತಿರಬೇಕಾದವರು ಮೂವರಿದ್ದರು. ಅವರನ್ನು ವೈನಿ ಒಬ್ಬೊಬ್ಬರನ್ನಾಗಿ ಕೇಳಿದ್ದರು. ಒಬ್ಬರಿಗೆ ಅವತ್ತು ಹೊಟ್ಟೆ ಸರಿಯಿರಲಿಲ್ಲವಂತೆ, ರೂಮಿನಲ್ಲೇ ಇದ್ದರಂತೆ. ಇನ್ನೊಬ್ಬರಿಗೆ ಬಿಸಿಲಿಗೆ ತಲೆನೋವು, ಅವರೂ ರೂಮಿನಲ್ಲೇ. ನನ್ನ ಗಂಡ ಮಲಗಿಬಿಟ್ಟಿದ್ದರಂತೆ. ಹಾಗಾದರೆ ಆ ಸಂಜೆ ಪಟ್ಟಾಯದ ಬೀದಿಗೆ ಇಳಿದವರು ಅಣ್ಣಾರು ಒಬ್ಬರೇ ಎಂದಾಯಿತು. ನಾಲ್ವರಲ್ಲಿ ಮೂವರು ತಮ್ಮ ಮರ್ಯಾದೆ ಉಳಿಸಿಕೊಂಡರು, ಸತ್ತವರದು ಹೋಯಿತು.

ನಾನು ನನ್ನ ಗಂಡನನ್ನು ಜಗ್ಗಿ ಕೇಳಲಿಲ್ಲ. ಕೇಳುವ ಪ್ರಸಂಗವೂ ಬರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಊಟದ ನಡುವೆ ಅವರೇ ಎದ್ದು ಕೈತೊಳೆದರು. ವೈನಿಯ ಹತ್ತಿರ ಹೋಗಬೇಕು, ನೀನೂ ಬಾ ಎಂದರು. ಕೆಳಗೆ ಹೋಗಿ, ಕೊಟ್ಟ ಕುರ್ಚಿಯಲ್ಲಿ ಕೂರದೆ, ನಿಂತುಕೊಂಡೇ ಹೇಳಿದರು. ಆ ಸಂಜೆ ನಾಲ್ವರೂ ಒಟ್ಟಿಗೆ ಹೋಗಿದ್ದರು. ಬಾರುಗಳ ಬೀದಿಯಲ್ಲಿ ಒಂದು ಸುತ್ತು ಹಾಕಿದರು. ಮೂವರಿಗೆ ನೃತ್ಯದ ಬಾರಿನೊಳಗೆ ಹೋಗಬೇಕಿತ್ತು. ಅಣ್ಣಾರಿಗೆ ಆ ಸದ್ದು ಆಗಲಿಲ್ಲ. ನೀವು ಹೋಗಿಬರ್ರಿ, ನಾ ಇಲ್ಲೇ ಕೂತಿರ್ತೀನಿ ಎಂದು ಬೀದಿಯ ಕೊನೆಯಲ್ಲಿ, ಸಮುದ್ರದ ಕಡೆಗಿದ್ದ ತೆರೆದ ಬಾರೊಂದರ ಸ್ಟೂಲಿನ ಮೇಲೆ ಕೂತರು. ಇವರು ತಿರುಗಿ ಬಂದಾಗ ಸ್ಟೂಲು ಖಾಲಿಯಿತ್ತು. ಆಂಬುಲೆನ್ಸ್ ಬಂದು ಹೋಗಿತ್ತು.

“ನಾವು ಒಳಗಿದ್ವಿ ವೈನಿ,” ಎಂದರು ನನ್ನ ಗಂಡ. “ಅವರೊಬ್ಬರನ್ನ ಅಲ್ಲೆ ಬಿಟ್ಟು ಹೋಗಿದ್ವಿ.”

ವೈನಿ ಕೇಳಿದರು, “ಇದು ಖರೇನೋ, ನನಗ ಸಮಾಧಾನ ಆಗಲಿ ಅಂತ ಹೇಳ್ಲಿಕ್ಹತ್ತೀರೋ?”

ಖರೇ ಎಂದು ಅವರು ಅಂದರು. ಆದರೆ ಒಮ್ಮೆ ಸುಳ್ಳು ಹೇಳಿದ ಬಾಯಿ. ವೈನಿಗೆ ನಂಬುವುದಕ್ಕೂ ಆಗಲಿಲ್ಲ, ಬಿಡುವುದಕ್ಕೂ ಆಗಲಿಲ್ಲ. ನಾನು ಮೇಲೆ ಬಂದು, ಅರ್ಧಕ್ಕೆ ಬಿಟ್ಟಿದ್ದ ತಟ್ಟೆಗಳನ್ನು ತೊಳೆದಿಟ್ಟೆ.

ಮಗಳ ಪರೀಕ್ಷೆ ಮುಗಿಯಿತು. ಅವಳು ಮುಂದಿನ ಓದಿಗೆಂದು ಊರಿಗೆ, ಸೋದರಮಾವನ ಮನೆಗೆ ಹೋದಳು. ವೈನಿಯೂ ಶಾಲೆಗೆ ರಾಜೀನಾಮೆ ಕೊಟ್ಟರು. ಒಮಾನ್ ಬಿಡುವ ಮುಂಚೆ ಒಮ್ಮೆ ಆ ಜಾಗ ನೋಡಬೇಕು, ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ನನ್ನ ಗಂಡ ಬೇಡ ಅನ್ನಲಿಲ್ಲ. ಬೀದಿಯ ಹೆಸರು, ಬಾರಿನ ಗುರುತು ಹೇಳಿಕೊಟ್ಟರು. ವಿಮಾನ ನಿಲ್ದಾಣದವರೆಗೆ ಬಿಟ್ಟು ಬಂದರು.

ಪಟ್ಟಾಯದ ಬಗ್ಗೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಹಗಲಿನಲ್ಲಿ ಅದು ಸುಮ್ಮನೆ ಒಂದು ಸಮುದ್ರದಂಡೆಯ ಊರು. ತೆಂಗಿನ ಸಾಲಿನ ಕೆಳಗೆ ಬಟ್ಟೆಯ ಕುರ್ಚಿಗಳು, ಎಳನೀರು ಕೆತ್ತುವವರು. ಹೊತ್ತು ಮುಳುಗುತ್ತಿದ್ದಂತೆ ವಾಹನಗಳನ್ನು ತಡೆದು, ಬಾರುಗಳ ಬೀದಿ ನಡೆಯುವವರಿಗೆಂದು ಬಿಟ್ಟುಕೊಟ್ಟರು. ಕೆಂಪು ನೀಲಿ ದೀಪಗಳು ಹತ್ತಿದವು. ಒಂದು ಕಡೆ ಮಸಾಜ್ ಅಂಗಡಿಯ ಹೆಂಗಸರು ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ಕೂತು ಹೋಗುವವರನ್ನು ಕರೆಯುತ್ತಿದ್ದರು. ಇನ್ನೊಂದು ಕಡೆ ಐಸಿನ ಮೇಲೆ ಜೋಡಿಸಿದ ಮೀನು, ಸಿಗಡಿ. ಗಂಡಸರು ಹೆಣ್ಣುವೇಷ ತೊಟ್ಟು ಕುಣಿಯುವ ನಾಟಕಶಾಲೆಯ ಚಿತ್ರ ಹಿಡಿದು ಒಬ್ಬ ನಮಗೂ ಟಿಕೆಟ್ ಬೇಕೇ ಎಂದು ಕೇಳಿದ. ಪಂಜಾಬಿ ಊಟ ಸಿಗುತ್ತದೆಂದು ಹಿಂದಿಯಲ್ಲಿ ಕೂಗುವವರಿದ್ದರು. ಬುರ್ಖಾ ತೊಟ್ಟ ಅರಬ್ ಹೆಂಗಸರು ಗಂಡ ಮಕ್ಕಳ ಜೊತೆ ಐಸ್‌ಕ್ರೀಂ ತಿನ್ನುತ್ತ ಹೋಗುತ್ತಿದ್ದರು. ಗುಜರಾತಿ ಸಂಸಾರಗಳು ಮುದುಕರನ್ನೂ ಕರೆತಂದಿದ್ದವು. ಇಷ್ಟೆಲ್ಲ ಸಂಸಾರಸ್ಥರು ಓಡಾಡುವ ಊರಿನ ಹೆಸರು ಹೇಳಿದ್ದಕ್ಕೆ ಈ ಹೆಂಗಸು ವರ್ಷವಿಡೀ ತಲೆ ತಗ್ಗಿಸಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ಆದರೆ ಪಕ್ಕದ ಬಾಗಿಲುಗಳ ಪರದೆ ಸರಿದಾಗ ಒಳಗೆ ಕಂಬ ಹಿಡಿದು ನಿಂತ ಹುಡುಗಿಯರೂ ಕಂಡರು. ಅಂಥ ಒಂದು ಬಾಗಿಲಿನೊಳಗೆ ನನ್ನ ಗಂಡ ಹೋಗಿದ್ದರು. ಯಾವ ಬಾಗಿಲೋ, ನಾನು ನೋಡಲು ಹೋಗಲಿಲ್ಲ.

ಬೀದಿಯ ಕೊನೆಯ ಬಾರು ಮೂರು ಕಡೆ ತೆರೆದಿತ್ತು. ಸುತ್ತ ಎತ್ತರದ ಸ್ಟೂಲುಗಳು, ಹಿಂದೆ ಸಮುದ್ರ. ಕೆಲವು ಹುಡುಗಿಯರು ಗಿರಾಕಿಗಳ ಎದುರು ಕೂತು, ನಿಲ್ಲಿಸಿದ ಚೌಕಟ್ಟಿನೊಳಗೆ ಬಣ್ಣದ ಬಿಲ್ಲೆ ಇಳಿಬಿಟ್ಟು ಸಾಲು ಕೂಡಿಸುವ ಆಟ ಆಡುತ್ತಿದ್ದರು. ವೈನಿ ಫೋನಿನಲ್ಲಿದ್ದ ಅಣ್ಣಾರ ಫೋಟೋ ತೋರಿಸಿದರು. ಹುಡುಗಿಯರು ನೋಡಿ, ಗೊತ್ತಿಲ್ಲವೆಂದು ತಲೆಯಲ್ಲಾಡಿಸಿ, ಒಳಗಿನಿಂದ ಒಬ್ಬ ವಯಸ್ಸಾದ ಹೆಂಗಸನ್ನು ಕರೆದರು. ಆಕೆಯೇ ಬಾರು ನೋಡಿಕೊಳ್ಳುವವಳು. ಫೋಟೋ ನೋಡಿದವಳೇ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡಳು.

ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಧ ಮಾತು, ಅರ್ಧ ಕೈಸನ್ನೆ, ಉಳಿದದ್ದನ್ನು ಫೋನಿಗೆ ಹೇಳಿ ಅನುವಾದ ಮಾಡಿಸಿ ತೋರಿಸಿದಳು. ಅವರು ಒಬ್ಬರೇ ಕೂತಿದ್ದರು. ಒಂದು ಬಿಯರ್ ತಗೊಂಡಿದ್ದರು. ಒಬ್ಬ ಹುಡುಗಿ ಬಂದು ಅವರೆದುರು ಕೂತು ಬಿಲ್ಲೆಯ ಆಟ ಆಡಿದಳು. ಪ್ರತಿ ಸಲ ಅವರೇ ಸೋತರು, ನಗುತ್ತಿದ್ದರು. ಅವಳಿಗೆ ತಮ್ಮ ಮಗಳ ಫೋಟೋ ತೋರಿಸಿದ್ದರು. ಆ ಹುಡುಗಿ ಈಗ ಇಲ್ಲ, ತನ್ನ ಹಳ್ಳಿಗೆ ಹೋಗಿಬಿಟ್ಟಿದ್ದಾಳೆ. ಆಡುತ್ತಿದ್ದ ಹಾಗೇ ಅಣ್ಣಾರು ಎದೆ ಹಿಡಿದುಕೊಂಡರು. ಬಾರಿನವರೆಲ್ಲ ಸೇರಿ ನೆಲದ ಮೇಲೆ ಮಲಗಿಸಿ, ಹಾಡು ನಿಲ್ಲಿಸಿ, ಗಾಳಿ ಹಾಕಿದರು. ಈಕೆ ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಹಚ್ಚಿದಳು. ಆಂಬುಲೆನ್ಸ್ ಬರುವವರೆಗೂ ಅವರು ಒಂದೇ ಮಾತು ಹೇಳುತ್ತಿದ್ದರು.

ಆ ಮಾತನ್ನು ಆಕೆ ತನ್ನ ನಾಲಿಗೆಯಲ್ಲಿ ಹೇಳಿ ತೋರಿಸಿದಳು. “ಯವ್ವಾ. ಯವ್ವಾ.” ಹೇಳಿ ವೈನಿಯ ಮುಖ ನೋಡಿ ಕೇಳಿದಳು, ಅದು ನಿನ್ನ ಹೆಸರಾ ಎಂದು.

ಆ ಪರದೇಶದ ಬೀದಿಯಲ್ಲಿ, ಎಲ್ಲ ಕಡೆಯಿಂದ ಬೇರೆಬೇರೆ ಹಾಡು ಅಪ್ಪಳಿಸುತ್ತಿರುವಾಗ, ಆ ಹೆಂಗಸಿನ ಬಾಯಿಂದ ಅಣ್ಣಾರ ಮಾತು ಕೇಳಿತು. ಊರಿನಲ್ಲಿ ನೋವಾದರೆ ಯಾರ ಬಾಯಲ್ಲೂ ಬರುವುದು ಅದೇ, ಅವ್ವನನ್ನು ಕರೆಯುವ ಮಾತು. ವೈನಿ ಸ್ಟೂಲಿನ ಅಂಚು ಹಿಡಿದುಕೊಂಡು ನಿಂತಿದ್ದರು. ಹೌದು ಎಂದು ತಲೆಯಾಡಿಸಿದರು. ಆಮೇಲೆ ಆ ಹೆಂಗಸಿನ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡು ಅತ್ತರು. ಸುದ್ದಿ ಬಂದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಆಕೆ ಕೈ ಬಿಡಿಸಿಕೊಳ್ಳದೆ, ತನ್ನ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳುತ್ತ ನಿಂತಳು. ಆಟ ಆಡುತ್ತಿದ್ದ ಹುಡುಗಿಯರು ಎದ್ದು ಬಂದು ಸುತ್ತ ನಿಂತರು.

ಹೋಟೆಲಿಗೆ ನಡೆದು ಬರುವಾಗ ವೈನಿ ಒಂದು ಮಾತು ಹೇಳಿದರು. “ಆ ಹುಡುಗಿ ಜೋಡಿ ಆಟ ಆಡಿದ್ದು ಬರೇ ಆಟಾನೋ ಮತ್ತೇನೋ, ನನಗ ಇನ್ನ ತಿಳಿಯೂದಿಲ್ಲ. ತಿಳೀದಿದ್ರೂ ನಡೀತದ. ನಾ ಇಲ್ಲದಾಗ ಅವರ ತಲಿ ಒಬ್ಬಾಕಿ ತೊಡಿ ಮ್ಯಾಲಿತ್ತು.”

ಮಸ್ಕತ್ತಿಗೆ ಬಂದು ಅವರು ಸಾಮಾನು ಕಟ್ಟಿದರು. ಬೀಳ್ಕೊಡಲು ಕನ್ನಡದ ಹೆಂಗಸರು ಒಂದು ಸಂಜೆ ಸೇರಿದ್ದರು. ಯಾರೋ ಹೊಸಬರು, ತಿಳಿಯದೆಯೋ ತಿಳಿದೋ, ಯಜಮಾನರು ತೀರಿಕೊಂಡದ್ದು ಎಲ್ಲಿ ಎಂದು ಕೇಳಿದರು. ಪಟ್ಟಾಯದಲ್ಲಿ, ಒಂದು ಬಾರಿನಲ್ಲಿ ಎಂದು ವೈನಿ ಸಾವಕಾಶವಾಗಿ ಹೇಳಿದರು. ನಾನೂ ಹೋಗಿ ನೋಡಿಬಂದೆ, ಅಲ್ಲಿಯವರು ಅವರನ್ನು ಚೆನ್ನಾಗಿ ನೋಡಿಕೊಂಡಿದ್ದರು ಎಂದರು. ಒಬ್ಬಿಬ್ಬರು ತಮ್ಮ ಸೆರಗು ಸರಿಮಾಡಿಕೊಂಡರು. ಆಡಿಕೊಳ್ಳುವ ಮಾತು ನಿಂತಿತು ಎಂದು ನಾನು ತಿಳಿದಿದ್ದೆ, ನಿಲ್ಲಲಿಲ್ಲ. ವೈನಿ ಹೋದ ಮೇಲೂ ಅಲ್ಲಲ್ಲಿ ಕಿವಿಗೆ ಬೀಳುತ್ತಲೇ ಇತ್ತು, ಅದಕ್ಕೆ ಬಾರು ಎಂಬ ಒಂದು ಪದ ಹೆಚ್ಚಿಗೆ ಸೇರಿತ್ತು ಅಷ್ಟೇ.

ಮಗಳಿಗೆ ವೈನಿ ಎಲ್ಲವನ್ನೂ ಹೇಳಿದರಂತೆ, ಬಿಯರನ್ನೂ ಹುಡುಗಿಯನ್ನೂ ಬಿಡದೆ. ಅವಳು ಎಲ್ಲ ಕೇಳಿಸಿಕೊಂಡು, ಅಪ್ಪ ತನ್ನ ಯಾವ ಫೋಟೋ ತೋರಿಸಿದ್ದರಂತೆ ಎಂದು ಕೇಳಿದಳಂತೆ. ಅದು ವೈನಿಗೆ ಗೊತ್ತಿರಲಿಲ್ಲ.

ಇನ್ನು ನನ್ನ ಮನೆಯ ವಿಷಯ. ನನ್ನ ಗಂಡ ಮೊದಲಿಗಿಂತ ಹೆಚ್ಚು ಮನೆಯಲ್ಲಿರುತ್ತಾರೆ, ಸಂತೆಗೆ ಜೊತೆಗೆ ಬರುತ್ತಾರೆ, ನಾನು ಸುಮ್ಮನಿದ್ದರೆ ಯಾಕೆ ಎಂದು ಕೇಳುತ್ತಾರೆ. ಆ ಪರದೆಯ ಹಿಂದೆ ಅವರು ಎಷ್ಟು ಹೊತ್ತು ಇದ್ದರು, ಏನು ನೋಡಿದರು, ಏನು ಮಾಡಿದರು ಎಂದು ನಾನು ಕೇಳಿಲ್ಲ. ಅವರು ಹೇಳಿಯೂ ಇಲ್ಲ. ತೀರಿಹೋದ ಗಂಡನ ಬಗ್ಗೆ ವೈನಿ ಆ ಊರಿನಲ್ಲಿ ತಿಳಿದುಕೊಂಡಷ್ಟನ್ನು, ಎದುರಿಗೆ ಕೂತು ಉಣ್ಣುವ ಗಂಡನ ಬಗ್ಗೆ ನಾನು ತಿಳಿದುಕೊಂಡಿಲ್ಲ. ಕೆಳಗಿನ ಮನೆಗೆ ಮಂಗಳೂರಿನ ಕಡೆಯ ಒಂದು ಸಂಸಾರ ಬಂದಿದೆ. ಸಣ್ಣ ಮಗುವಿದೆ, ಬೆಳಗಿನ ಜಾವ ಅಳುತ್ತದೆ. ತಾಯಿ ತುಳುವಿನಲ್ಲಿ ಸಮಾಧಾನ ಮಾಡುತ್ತಾಳೆ. ನನಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ; ಅವಳ ದನಿ ಕೇಳುತ್ತ ಮಲಗಿರುತ್ತೇನೆ.