ಗೆಡ್ಡ ದಾಟುವಲ್ಲಿ ಮೊಣಕಾಲುದ್ದ ನೀರು

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ದಿನ, ನನ್ನ ಪಾಲಿಗೆ ಬಂದ ಕೋಣೆಯಲ್ಲಿ ನನಗಿಂತ ಮೊದಲಿದ್ದ ಕನ್ನಡದ ಆಫೀಸರು ಬೀಗದ ಕೈಯ ಜೊತೆ ಎರಡು ಹಾಳೆ ಕೊಟ್ಟು ರೈಲು ಹತ್ತಿದರು. ನಮ್ಮ ಬ್ಯಾಂಕಿನ ಜನರಲ್ಲಿ ಅದೊಂದು ರೂಢಿ. ಬ್ರಾಂಚಿನ ಚಾರ್ಜು ಒಪ್ಪಿಸಿದ ಹಾಗೆ ಊರಿನ ಚಾರ್ಜನ್ನೂ ಒಪ್ಪಿಸುವುದು. ನಳದ ನೀರು ಎಷ್ಟು ಗಂಟೆಗೆ ಬರುತ್ತದೆ, ಗ್ಯಾಸ್ ತೀರಿದರೆ ಯಾರನ್ನು ಕೇಳಬೇಕು, ದ್ವಾರಕಾ ನಗರದ ಯಾವ ಸಂದಿಯ ಗಿರಣಿಯಲ್ಲಿ ಜೋಳ ಬೀಸಿಕೊಡುತ್ತಾರೆ, ಹುಬ್ಬಳ್ಳಿಗೆ ಹೋಗುವವರು ವಿಜಯವಾಡದಲ್ಲಿ ಎಷ್ಟು ಹೊತ್ತು ಕೂರಬೇಕು, ಎಲ್ಲ ಇತ್ತು. ಕೊನೆಯ ಸಾಲು: “ರವಿವಾರ ಹೊತ್ತು ಹೋಗೂದಿಲ್ಲ. ಬೀಚಿಗೆ ಹೋಗ್ರಿ.”

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಂಡತಿ ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರು, ಮಗಳು ಅಲ್ಲೇ ಓದುತ್ತಿದ್ದಳು, ಅವರು ಬರುವಂತಿರಲಿಲ್ಲ. ರವಿವಾರ ಬಟ್ಟೆ ಒಗೆದು, ಒಣಹಾಕಿ, ಅನ್ನ ಸಾರು ಮಾಡಿ, ಉಂಡು, ಪಾತ್ರೆ ತೊಳೆದು ಬೋರಲು ಹಾಕಿ ಗಡಿಯಾರ ನೋಡಿದರೆ ಇನ್ನೂ ಹನ್ನೊಂದೇ ಆಗಿರುತ್ತಿತ್ತು. ಆಮೇಲೆ ಹಾಸಿಗೆಯ ಮೇಲೆ ಕೂತು ಕಿಟಕಿಯ ಸರಳು ಎಣಿಸುತ್ತಿದ್ದೆ. ಒಂಬತ್ತಿದ್ದವು.

ಬೀಚಿಗೆ ಹೋದೆ. ಅಲ್ಲಿ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅತ್ತಿಂದಿತ್ತ ನಡೆಯುವ ಒಂದು ಬೂದು ಬಣ್ಣದ ಹೆಣ್ಣುಕುದುರೆ ಇತ್ತು. ನನ್ನ ಅಪ್ಪ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಕುದುರೆ ಕಂಡರೆ ನನ್ನ ಕೈ ತಾನಾಗಿ ಅದರ ಕಾಲಿಗೆ ಹೋಗುತ್ತದೆ. ಬಗ್ಗಿ ಗೊರಸು ಎತ್ತಿ ನೋಡುತ್ತಿದ್ದಾಗ ಕುದುರೆಯ ಒಡೆಯ ಹತ್ತಿರ ಬಂದರು. ಬಿಳಿ ಗಡ್ಡದ ಮುದುಕ, ಎಲ್ಲರೂ ತಾತ ಎನ್ನುತ್ತಿದ್ದರು.

“ಏಂಟಿ ಸಾರೂ, ಚಪ್ಪಲಿ ಅಳತೆ ತಗೊಳ್ತಿದ್ದೀರಾ?”

“ಇಲ್ಲ ತಾತ. ಎಡಗಡೆ ಮುಂಗಾಲಿನ ಲಾಳ ಸಡಿಲಾಗಿದೆ.”

ಅವರು ತೆಲುಗಿನಲ್ಲಿ ಆಡಿದ ಮಾತೆಲ್ಲ ಈಗ ನನಗೆ ಕನ್ನಡದಲ್ಲೇ ನೆನಪಾಗುತ್ತದೆ. ಒಂದು ತಿಂಗಳು ನನ್ನನ್ನು ಗಮನಿಸಿ, ಆಮೇಲೆ ರವಿವಾರ ಬೆಳಗ್ಗೆ ಕುದುರೆ ಕೊಡತೊಡಗಿದರು. ಸಂಜೆ ಮಕ್ಕಳು ಬರುವ ಮೊದಲು ಮರಳಿಸಬೇಕು, ಅಷ್ಟೇ. ಆ ಕುದುರೆ ಬೀಚು ಬಿಟ್ಟು ಆಚೆ ಹೋದದ್ದೇ ನನ್ನ ಜೊತೆ.

ಇಲ್ಲಿ ವಿಜಯವಾಡದ ಮಾತು ಹೇಳಬೇಕು. ಇದಕ್ಕೂ ಮೊದಲು ಮೂರು ವರ್ಷ ನಾನು ಅಲ್ಲಿದ್ದೆ. ಅಲ್ಲಿ ಪಶು ಆಸ್ಪತ್ರೆಯ ಒಬ್ಬ ಕಂಪೌಂಡರ್ ಗೆಳೆಯನಾದ. ತಾಯಿ ಬಳ್ಳಾರಿಯವರು, ತಂದೆ ಆ ಊರಿನವರೇ. ಕನ್ನಡ ಮಾತಾಡುತ್ತಿದ್ದ, ಓದಲು ಬರೆಯಲು ತೆಲುಗು ಅಕ್ಷರವೇ ಸರಿ. ಜಟಕಾ ಕುದುರೆಗಳ ಗಾಯ ನೋಡುತ್ತಿದ್ದುದರಿಂದ ಜಟಕಾದವರು ಬೆಳಗಿನ ಹೊತ್ತು ಅವನಿಗೆ ಒಂದು ಕುದುರೆ ಬಿಟ್ಟುಕೊಡುತ್ತಿದ್ದರು. ನಾವಿಬ್ಬರೂ ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದೆವು. ಇಬ್ಬರಿಗೆ ಒಂದೇ ಕುದುರೆ. ಒಬ್ಬರು ಮೇಲೆ, ಒಬ್ಬರು ಲಗಾಮು ಹಿಡಿದು ಕೆಳಗೆ. ಹಿಂದಿರುಗಿ ನೋಡಿದಾಗ ಇಂದ್ರಕೀಲಾದ್ರಿ ಬೆಟ್ಟ ಹೆಬ್ಬೆರಳಿನಷ್ಟು ಕಂಡರೆ ಅದಲುಬದಲು. ಅಗಸರು ಬಟ್ಟೆ ಬಡಿಯುವ ಕಡೆ ಕುದುರೆ ಬೆಚ್ಚುತ್ತದೆ, ಎಮ್ಮೆ ಇಳಿಯುವ ಕಡೆ ಏರಿ ಕುಸಿದಿದೆ, ಇಂಥದನ್ನೆಲ್ಲ ಅವನು ಎದುರು ಬಂದ ಪ್ರತಿ ಜಟಕಾದವನಿಗೂ ನಿಲ್ಲಿಸಿ ಹೇಳುತ್ತಿದ್ದ.

“ದಾರೀನ ಹೊಟ್ಟೇಲಿ ಇಟ್ಕೋಬಾರದು ಅಣ್ಣಗಾರೂ, ಹೇಳ್ತಾ ಇರಬೇಕು. ಇಲ್ಲಾಂದ್ರೆ ಮುಳ್ಳು ಬೆಳೀತದೆ.”

ವಿಶಾಖಪಟ್ಟಣದಲ್ಲಿ ಹಾಗೆ ಹೇಳಲು ಯಾರೂ ಇರಲಿಲ್ಲ. ಅದಕ್ಕೇ ಬರೆಯತೊಡಗಿದೆ. ಮೀನುಗಾರರನ್ನು, ತಾಳೆಮರ ಹತ್ತುವವರನ್ನು, ಗೇರುತೋಪಿನ ಕಾವಲುಗಾರನನ್ನು ಕೇಳಿ ಕೇಳಿ, ಸಮುದ್ರದ ಪಕ್ಕದಲ್ಲೇ ಉತ್ತರಕ್ಕೆ ಹೋಗುವ ಒಂದು ದಾರಿ ಕೂಡಿಸಿದೆ. ಎಲ್ಲಿ ಬಂಡೆ ಅಡ್ಡ ಬಂದು ರಸ್ತೆಗೆ ಹತ್ತಬೇಕು, ಬಸ್ಸಿನ ಹಾರ್ನಿಗೆ ಕುದುರೆ ಎಲ್ಲಿ ಮೈ ಒದರುತ್ತದೆ, ಯಾವ ಸರ್ವೆತೋಪಿನಲ್ಲಿ ನೆರಳು, ಯಾವ ಬಾವಿಯಲ್ಲಿ ಸಿಹಿನೀರು. ಋಷಿಕೊಂಡ ದಾಟಿದ ಮೇಲೆ ಒಂದು ಹಳ್ಳ ಸಮುದ್ರ ಸೇರುತ್ತದೆ. ಆ ಕಡೆ ಹಳ್ಳಕ್ಕೆ ಗೆಡ್ಡ ಎನ್ನುತ್ತಾರೆ. ಅದಕ್ಕೆ ಬರೆದೆ: “ಗೆಡ್ಡ. ಸಮುದ್ರ ಸೇರುವ ಬಾಯಲ್ಲೇ ದಾಟಬೇಕು. ಮೊಣಕಾಲುದ್ದ ನೀರು, ತಳ ಗಟ್ಟಿ.”

ತಾರೀಖು ಹಾಕಲಿಲ್ಲ. ವಾರದ ಆರು ದಿನ ತಾರೀಖಿಲ್ಲದ ವೋಚರು ನನ್ನ ಮೇಜು ದಾಟುತ್ತಿರಲಿಲ್ಲ, ಎಂಥ ದೊಡ್ಡ ಗಿರಾಕಿಯದಾದರೂ ಹಿಂದಕ್ಕೆ ಹೋಗುತ್ತಿತ್ತು. ರವಿವಾರದ ಹಾಳೆಯೂ ಆಫೀಸಾಗುವುದು ಬೇಡ ಅನಿಸಿತ್ತು.

ಕಾರ್ಬನ್ ಇಟ್ಟು ಐದು ಪ್ರತಿ ಮಾಡಿ, ನಾಲ್ಕನ್ನು ಕನ್ನಡ ಸಂಘದ ತಿಂಗಳ ಕೂಟಕ್ಕೆ ಒಯ್ದೆ. ಖಜಾಂಚಿ ಬಾಗಲಕೋಟೆ ಕಡೆಯವರು. ಹಾಳೆ ಓದಿ ಎಲ್ಲರಿಗೂ ಕೇಳುವಂತೆ ಕೂಗಿದರು: “ಏನ್ರೀ ಸಾಹೇಬ್ರ, ನಾವು ಸ್ಕೂಟರ್ ಅಡ್ವಾನ್ಸ್ ಕೇಳಾಕತ್ತೀವಿ, ನೀವು ಕುದರಿ ಅಡ್ವಾನ್ಸ್ ಕೇಳೋರೇನು? ಹುಲ್ಲಿಗೆ ಅಲವೆನ್ಸ್ ಬ್ಯಾರೆ ಅದನ?” ನಾನೂ ನಕ್ಕೆ. ಕೂಟ ಮುಗಿಯುವ ಹೊತ್ತಿಗೆ, ಒಂಟಿ ಇದ್ದೀರಿ ಮನೆಗೆ ಒಯ್ಯಿರಿ ಎಂದು ಅವರ ಮನೆಯವರು ಚಕ್ಕುಲಿ ಕಟ್ಟಿಕೊಟ್ಟರು. ಕೋಣೆಗೆ ಬಂದು ಬಿಚ್ಚಿದರೆ ಎಣ್ಣೆ ಕುಡಿದ ನನ್ನ ಹಾಳೆ. ಚಕ್ಕುಲಿ ಚೆನ್ನಾಗಿತ್ತು. ಆದರೂ ಅವತ್ತು ನನಗೆ ಒಂದೇ ಆಸೆ ಉಳಿಯಿತು. ಯಾರಾದರೂ ಒಬ್ಬರು, ಒಂದು ಸಲ, ನಾನು ಬರೆದ ದಾರಿಯಲ್ಲಿ ಹೋಗಿಬರಬೇಕು.

ಐದನೆಯ ಪ್ರತಿ ವಿಜಯವಾಡಕ್ಕೆ ಕಳಿಸಿದೆ. ಅದನ್ನು ಅವನ ತಾಯಿ ಓದಿ ಹೇಳಿದರಂತೆ, ಅವನು ಪ್ರತಿ ಸಾಲಿನ ಕೆಳಗೂ ತೆಲುಗು ಅಕ್ಷರದಲ್ಲಿ ಬರೆದುಕೊಂಡನಂತೆ. ಉತ್ತರ ಬಂತು, ಕಾರ್ಡಿನ ತುಂಬ ತೆಲುಗು ಅಕ್ಷರ, ಜೋರಾಗಿ ಓದಿಕೊಂಡರೆ ಕನ್ನಡ. ದೀಪಾವಳಿ ಆದಮೇಲೆ ಬರುತ್ತೇನೆ, ಒಂದೇ ಕುದುರೆಯಾದರೂ ಪರವಾಗಿಲ್ಲ, ಮೊದಲಿನ ಹಾಗೇ ಹೋಗೋಣ. ಆ ಕಾರ್ಡನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ ಮುಖಕ್ಷೌರ ಮಾಡಿಕೊಳ್ಳುವಾಗೆಲ್ಲ ಓದುತ್ತಿದ್ದೆ. ಎರಡನೇ ಚಾಪೆ ಕೊಂಡೆ, ಎರಡನೇ ಲೋಟ ಕೊಂಡೆ.

ಶನಿವಾರ ಸಂಜೆ ಬಂದ. ಅದೇ ದಿನ ಬ್ರಾಂಚಿಗೆ ಇನ್‌ಸ್ಪೆಕ್ಷನ್ನಿನವರೂ ಬಂದಿದ್ದರು. ರವಿವಾರವೂ ಬರಬೇಕು ಎಂದು ಮ್ಯಾನೇಜರರು ಹೇಳಿದರು. ಸೋಮವಾರ ಅವನು ಕೆಲಸಕ್ಕೆ ಹಾಜರಾಗಬೇಕಿತ್ತು.

“ನೀವು ಬರದಿದ್ರೆ ಏನಾಯ್ತು ಅಣ್ಣಗಾರೂ, ನಿಮ್ಮ ಹಾಳೆ ಬರ್ತದಲ್ಲಾ,” ಎಂದು ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಬೆಳಗಿನಲ್ಲಿ ಬೀಚಿನ ತನಕ ಜೊತೆಗೆ ಹೋಗಿ, ಕುದುರೆಯ ಪಟ್ಟಿ ನಾನೇ ಬಿಗಿದು ಕಳಿಸಿದೆ. ಅವನು ಬಂಡೆಗಳ ತಿರುವು ದಾಟುವವರೆಗೂ ನಿಂತಿದ್ದು ಆಫೀಸಿಗೆ ನಡೆದೆ.

ಮಧ್ಯಾಹ್ನ ಅರ್ಧ ಇಳಿಸಿದ್ದ ಶಟರನ್ನು ಯಾರೋ ಬಡಿದರು. ತಾತ. ಬನ್ನಿ ಎಂದು ಕೈಮಾಡಿದರು.

ಬೀಚಿನಲ್ಲಿ ಕುದುರೆ ಬಲ ಮುಂಗಾಲು ಎತ್ತಿಕೊಂಡು ನಿಂತಿತ್ತು, ಮೊಣಕಾಲಿನ ಕೆಳಗೆ ಬಾತು ಬಾಳೆದಿಂಡಿನಂತಾಗಿತ್ತು. ಗೆಳೆಯನ ಮೈಯೆಲ್ಲ ಉಪ್ಪು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಹಾಳೆಯಲ್ಲಿದ್ದ ಹಾಗೆ ಗೆಡ್ಡದ ಬಾಯಿಗೆ ಇಳಿದಿದ್ದಾನೆ. ಎರಡು ಹೆಜ್ಜೆಗೆ ಮರಳು ಕುಸಿದು ಕುದುರೆಯ ಎದೆಗೆ ನೀರು ಬಂದಿದೆ. ಆಚೆ ದಡದ ಮೀನುಗಾರರು ಬಲೆಯ ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡಿದ್ದಾರೆ.

“ತಪ್ಪು ನನ್ನದೇ. ಇಳಿಯೋಕೆ ಮುಂಚೆ ಕೋಲು ಹಾಕಿ ನೋಡಬೇಕಿತ್ತು,” ಎಂದ ಅವನು.

ತಾತ ಒದ್ದೆ ಹಾಳೆಯನ್ನು ನನ್ನ ಮುಂದೆ ಹಿಡಿದರು. “ಸಾರೂ, ಆ ಗೆಡ್ಡ ಯಾವಾಗ ದಾಟಿದ್ದಿರಿ?”

“ವೈಶಾಖದಲ್ಲಿ.”

“ಈಗ ಯಾವ ಮಾಸ?”

“ಕಾರ್ತಿಕ.”

“ಮಳೆಗೆ ಗೆಡ್ಡ ಬಾಯಿ ಬಿಡುತ್ತೆ. ಬೇಸಿಗೆಗೆ ಮರಳು ಬಂದು ಮುಚ್ಚುತ್ತೆ. ಇಲ್ಲಿ ನೀರಾಟ ಆಡೋ ಮಗೂಗೂ ಗೊತ್ತು. ಮಾಸ ಯಾಕೆ ಬರೀಲಿಲ್ಲ?”

ಹಾಳೆ ತೆಗೆದುಕೊಳ್ಳಲು ಕೈ ಚಾಚಿದೆ. ಬಲಗೈ ಬೆರಳಿಗೆ ಬೆಳಗಿನಿಂದ ತಾರೀಖಿನ ಠಸ್ಸೆ ಒತ್ತಿದ ನೇರಳೆ ಮಸಿ ಹತ್ತಿತ್ತು.

ಗೆಳೆಯ ಇನ್ನೆರಡು ದಿನ ರಜೆ ಹಾಕಿ ಉಳಿದ. ಆ ಎರಡು ದಿನವೂ ಕುದುರೆಯ ಪಕ್ಕದಲ್ಲೇ ಇದ್ದ. ತಣ್ಣನೆಯ ಸಮುದ್ರದ ನೀರಿನಲ್ಲಿ ಕಾಲು ನೆನೆಸುವುದು, ಪಟ್ಟಿ ಸುತ್ತುವುದು, ಎಷ್ಟು ಬಿಗಿ ಇರಬೇಕು ಎಂದು ನನಗೂ ತಾತನಿಗೂ ತೋರಿಸುವುದು. ಮಂಗಳವಾರ ಸಂಜೆ ರೈಲಿಗೆ ಬಿಟ್ಟುಬಂದೆ. ಕೋಣೆಯಲ್ಲಿ ಎರಡನೇ ಚಾಪೆಯನ್ನು ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದೆ.

ಆಮೇಲೆ ನಾನು ಅವನಿಗೆ ಬರೆಯಲಿಲ್ಲ. ನಾಚಿಕೆ. ಅವನೂ ಬರೆಯಲಿಲ್ಲ. ದಿನಾ ಬೆಳಗ್ಗೆ ಆಫೀಸಿಗೆ ಮೊದಲು ಬೀಚಿಗೆ ಹೋಗಿ, ಪ್ಯಾಂಟು ಮಡಿಸಿ, ಕುದುರೆಯನ್ನು ನೀರಿನಲ್ಲಿ ನಿಲ್ಲಿಸಿಕೊಂಡು ನಿಲ್ಲುತ್ತಿದ್ದೆ. ತಾತ ದೂರ ಕೂತು ಬೀಡಿ ಸೇದುತ್ತಿದ್ದರು. ಹದಿನೈದು ದಿನ ಹೀಗೇ ನಡೆಯಿತು. ಹದಿನಾರನೇ ದಿನ ಎರಡು ಲೋಟ ಟೀ ತಂದು, ಒಂದನ್ನು ನನ್ನ ಕಡೆ ಚಾಚಿ, “ತಗೊಳ್ಳಿ, ಆರುತ್ತೆ” ಎಂದರು. ಅಷ್ಟೇ.

ತಿಂಗಳಿಗೊಂದು ರವಿವಾರ ಕುದುರೆಯಿಲ್ಲದೆ, ಕೈಯಲ್ಲಿ ಕೋಲು ಹಿಡಿದು ಅದೇ ದಾರಿ ನಡೆದೆ. ಗೆಡ್ಡದ ಬಾಯಲ್ಲಿ ಕೋಲು ಮುಳುಗಿಸಿ, ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದು, ಮಾಸದ ಹೆಸರಿನ ಎದುರು ಬರೆದೆ. ಪುಷ್ಯದಲ್ಲಿ ಕುದುರೆ ನಾಲ್ಕೂ ಕಾಲು ಊರಿತು. ಮಾಘದಲ್ಲಿ ಮಕ್ಕಳನ್ನು ಹೊತ್ತಿತು. ಗೆಡ್ಡದ ಬಾಯಿಗೆ ಮರಳು ಬರತೊಡಗಿತು. ವೈಶಾಖ ಮತ್ತೆ ಬಂದಾಗ ಹೊಸ ಹಾಳೆ ಬರೆದೆ, ಒಂದೊಂದು ಸಾಲಿಗೂ ಮಾಸ ಹಾಕಿ. ಕಾರ್ತಿಕದ ಎದುರು “ದಾಟಬಾರದು” ಎಂದಷ್ಟೇ ಇತ್ತು. ಒಂದು ಪ್ರತಿಯನ್ನು ಜೊತೆಗೆ ಪತ್ರವಿಲ್ಲದೆ ಬರೀ ಲಕೋಟೆಯಲ್ಲಿಟ್ಟು ವಿಜಯವಾಡಕ್ಕೆ ಹಾಕಿದೆ.

ಹತ್ತು ದಿನಕ್ಕೆ ಕಾರ್ಡು ಬಂತು. ಕೋಣೆಯ ಮಧ್ಯೆ ನಿಂತು ಜೋರಾಗಿ ಓದಿಕೊಂಡೆ: “ಕಾರ್ತಿಕದ್ದು ನೀವು ಪೂರ್ತಿ ಬರೆದಿಲ್ಲ. ಬರ್ಕೊಳ್ಳಿ. ದೀಪಾವಳಿ ಆದ ಮೊದಲ ರವಿವಾರ, ನೀರು ಕುದುರೆ ಎದೆಮಟ್ಟ, ತಳ ಇಲ್ಲ. ದಡದಲ್ಲೇ ಮೇಲಕ್ಕೆ ನಡೆದ್ರೆ ರೋಡಿನ ಸೇತುವೆ ಸಿಗ್ತದೆ. ಕುಂಟೋ ಕುದುರೇನೂ ದಾಟ್ತದೆ. ನಾವು ವಾಪಸ್ ಬಂದದ್ದು ಅದರ ಮೇಲೇ.” ಮತ್ತೆ ಬರುವ ಮಾತು ಅದರಲ್ಲಿರಲಿಲ್ಲ. ನಾನು ಕೇಳಲೂ ಇಲ್ಲ. ಅವನ ಸಾಲನ್ನು ಅವನ ಮಾತಿನಲ್ಲೇ ಹಾಳೆಗೆ ಇಳಿಸಿದೆ.

ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಮತ್ತೆ ವರ್ಗವಾಯಿತು. ಕೋಣೆಗೆ ಬರಲಿದ್ದ ಹೊಸ ಆಫೀಸರಿಗೆ ಬೀಗದ ಕೈಯ ಜೊತೆ ಮೂರು ಹಾಳೆ ಕೊಡಲು ತೆಗೆದಿಟ್ಟೆ. ಹೊರಡುವ ಹಿಂದಿನ ರವಿವಾರ ತಾತ ಕರೆದು ಲಗಾಮು ಕೈಗೆ ಕೊಟ್ಟರು. ಕುದುರೆಯ ಮೇಲೆ ಗೆಡ್ಡದ ತನಕ ಹೋದೆ. ಜ್ಯೇಷ್ಠ ಮಾಸ, ಮಳೆ ಇನ್ನೂ ಹಿಡಿದಿರಲಿಲ್ಲ. ಬಾಯಲ್ಲಿ ಗೊರಸು ಮುಳುಗುವಷ್ಟು ನೀರು ತೆಳ್ಳಗೆ ಹೊಳೆಯುತ್ತಿತ್ತು. ಕುದುರೆ ನಿಂತುಬಿಟ್ಟಿತು. ಹಿಮ್ಮಡಿ ತಾಗಿಸಿದೆ, ಬಾಯಿ ಚಪ್ಪರಿಸಿದೆ, ಕಿವಿ ಹಿಂದಕ್ಕೆ ಹಾಕಿಕೊಂಡು ಅಲ್ಲೇ ನಿಂತಿತು.

ಇಳಿದೆ. ಲಗಾಮು ಹಿಡಿದು ದಡದಲ್ಲೇ ಮೇಲಕ್ಕೆ ನಡೆದು ಸೇತುವೆಯ ಮೇಲೆ ದಾಟಿಸಿದೆ. ಆಚೆ ಸರ್ವೆಮರದ ಬುಡದಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಕೊನೆಯ ಸಾಲು ಸೇರಿಸಿದೆ: “ಜ್ಯೇಷ್ಠ. ಗೊರಸು ಮುಳುಗುವಷ್ಟೇ ನೀರು, ತಳ ಗಟ್ಟಿ. ಬೀಚಿನ ಬೂದು ಕುದುರೆ ಮಾತ್ರ ಇಲ್ಲಿ ಇಳಿಯುವುದಿಲ್ಲ. ಒತ್ತಾಯ ಮಾಡಬೇಡಿ, ಸೇತುವೆಗೆ ನಡೆಸಿಕೊಂಡು ಹೋಗಿ.”

ವಾಪಸ್ ಬರುವಾಗ ನಾನು ಹತ್ತಲಿಲ್ಲ. ಬೀಚು ಮುಟ್ಟುವವರೆಗೂ ಲಗಾಮು ಹಿಡಿದು ಕೆಳಗೇ ನಡೆದೆ. ಮೇಲೆ ಯಾರೂ ಇರಲಿಲ್ಲ.