ಮುಮತಾಜಬಿಗೆ ಸಿಕ್ಕ ಕೈ

"ಅವ್ವಾ, ಇನ್ನೊಮ್ಮೆ ಹೇಳತೇನಿ, ಸಮಾಧಾನದಿಂದ ಕೇಳು. ಮಣಕಾಲ ಬದಲಿ ಮಾಡೋದಂದ್ರ ಸೀರಿ ಬದಲಿ ಮಾಡಿದಂಗಲ್ಲ. ಚರ್ಮ ಕೊಯ್ಯಬೇಕು, ಸವದ ಎಲುಬಿನ ತುದಿ ಗರಗಸದಿಂದ ತಗೀಬೇಕು, ಅದರ ಮ್ಯಾಲ ಲೋಹದ ಟೊಪ್ಪಿಗಿ ಇಟ್ಟು ಸುತ್ತಿಗಿಲೆ ಬಡದು ಕೂಡಸಬೇಕು. ಆ ಹೊತ್ತಿನ್ಯಾಗ ನನಗ ಮಣಕಾಲೊಂದ ಕಾಣಬೇಕು, ಮನಷ್ಯಾರು ಕಾಣಬಾರದು. ಮುಮತಾಜಬಿ ಚಾಚಿಗೆ ಹಂಗ ಮಾಡೇನಿ. ನಿನ್ನ ಮುಂದ ನಿಂತ್ರ ನನಗ ಎಲುಬು ಕಾಣಂಗಿಲ್ಲ, ನೀ ಕಾಣತಿ. ಅದಕ್ಕ ನಾವು ಡಾಕ್ಟರು ನಮ್ಮ ಮನಿ ಮಂದಿಗೆ ಕತ್ತರಿ ಹಾಕಂಗಿಲ್ಲ. ನನಗ ಕಲಿಸಿದ ಸರ ಹುಬ್ಬಳ್ಳಿಂದ ಬರತಾರ. ಅವರು ಮಾಡತಾರ."

ಮಗಳು ಸುವರ್ಣಾ ಹೇಳಿದ್ದನ್ನೆಲ್ಲ ಕಲ್ಲವ್ವ ಕೇಳಿದಳು. ಕೇಳಿ, ಒಂದೇ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು: ಮುಮತಾಜಬಿಗಾದರೆ ಮಾಡುತ್ತಾಳೆ, ನನಗಿಲ್ಲ.

"ಹಂಗಾರ ನನಗ ಯಾರದೂ ಬ್ಯಾಡ," ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಸುವರ್ಣಾ ಎಲುಬಿನ ಡಾಕ್ಟರು. ಗಜೇಂದ್ರಗಡದ ಕಾಳಿನ ವ್ಯಾಪಾರಿಯ ಮಗಳು. ಕಲಿಯುವಾಗ ಜೊತೆಯ ಹುಡುಗರು, "ಇದು ಬಡಿಗ್ಯಾರ ಕೆಲಸ, ನಿಮ್ಮ ಕೈಲೆ ಸುತ್ತಿಗಿ ಏಳತೈತೇನ್ರಿ?" ಎಂದು ನಕ್ಕಿದ್ದರು. ಈಗ ಸವಡಿ, ಶಿರೋಳ, ನರಗುಂದದ ಕಡೆಯಿಂದ ಸೊಂಟ, ಮೊಣಕಾಲು ಸವೆದ ಹೆಂಗಸರು ರೋಣದ ಅವಳ ದವಾಖಾನೆಯನ್ನು ಹುಡುಕಿಕೊಂಡು ಬರುತ್ತಾರೆ. ಹೆಣ್ಣುಮಗಳ ಮುಂದೆ ಸೀರೆ ಮೇಲೆತ್ತಲು ನಾಚಿಕೆಯಿಲ್ಲವಲ್ಲ!

ಎದುರು ಮನೆಯ ಮುಮತಾಜಬಿಯ ಎರಡೂ ಮೊಣಕಾಲು ಅಲ್ಲೇ ಬದಲಿಯಾಗಿದ್ದವು. ಕೋಲು ಬಿಟ್ಟು ಓಣಿ ತುಂಬ ಓಡಾಡುತ್ತಿದ್ದಳು. ದಿನಾ ಸಂಜೆ ಕಟ್ಟೆಗೆ ಬಂದು ಅದೇ ಹಾಡು: "ಕಲ್ಲವ್ವಕ್ಕಾ, ನಿಮ್ಮ ಮಗಳ ಕೈ ಅಂದ್ರ ಬೆಣ್ಣಿ ನೋಡ್ರಿ! 'ಚಾಚಿ, ಹೆದರಬ್ಯಾಡ್ರಿ' ಅಂತ ಮಣಕಾಲ ಹಿಡದ್ಲು, ಅರ್ಧಾ ನೋವು ಅಲ್ಲೇ ಹೋತು."

"ಹೌದವಾ," ಎನ್ನುತ್ತಿದ್ದಳು ಕಲ್ಲವ್ವ. ಒಳಗೆ ಬಂದು ರೊಟ್ಟಿಯನ್ನು ಹರಿಯುವ ಹಾಗೆ ಬಡಿಯುತ್ತಿದ್ದಳು. ಹೆತ್ತು ಹಾಲು ಕುಡಿಸಿದವಳು ನಾನು. ಬೆಣ್ಣೆಯಂಥ ಕೈ ಮುಮತಾಜಬಿಗೆ! ಮನೆಗೆ ಬಂದ ಮಗಳು ಕೇಳುವುದು ಒಂದೇ: "ಗುಳಿಗಿ ತಗೊಂಡಿ?"

ಒಂದು ಗುರುವಾರ ಮಗಳು ಹೋದ ಹಿಂದೆಯೇ ಕಲ್ಲವ್ವ ರೋಣದ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿ ಹೊಸಬಳು, ಗುರುತು ಹಿಡಿಯಲಿಲ್ಲ. ತವರೂರು ಸೇರಿಸಿ "ಜಕ್ಕಲಿ ಕಲ್ಲವ್ವ" ಎಂದು ಬರೆಸಿ ಪಾಳಿಯಲ್ಲಿ ಕುಳಿತಳು. ಒಳಗೆ ಹೋಗಿ ಬಂದ ಒಬ್ಬೊಬ್ಬಳ ಕಾಲನ್ನೂ ದುರುಗುಟ್ಟಿ ನೋಡಿದಳು. ಇವಳನ್ನೂ ಮುಟ್ಟಿದಳೇನು? ಇವಳನ್ನೂ?

ಕರೆ ಬಂತು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಮಂಚದ ಮೇಲೆ ಕುಳಿತಳು. ಸುವರ್ಣಾ ಮುಖ ನೋಡದೆ, ಸ್ಟೂಲು ಎಳೆದುಕೊಂಡು ಮೊಣಕಾಲಿಗೇ ಬಗ್ಗಿದಳು.

"ಹೆದರಬ್ಯಾಡ್ರಿ ಅವ್ವಾರ. ಹಗೂರಕ ಮಡಚತೇನಿ. ನೋವಾದ್ರ ಹೇಳ್ರಿ."

ಇಂಥ ದನಿಯನ್ನು ಕಲ್ಲವ್ವ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಕೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು, ಖರೆಯಾಗಿಯೂ ಬೆಣ್ಣೆ. ಮುಮತಾಜಬಿ ಸುಳ್ಳು ಹೇಳಿರಲಿಲ್ಲ ಎನ್ನುವುದೇ ಇನ್ನಷ್ಟು ಉರಿಸಿತು. ಅಷ್ಟರಲ್ಲಿ ಎದುರಿಗೆ ಬಗ್ಗಿದ ತಲೆ ಕಂಡಿತು.

"ಕೂದಲಾ ನೋಡು, ಒಣ ಜ್ವಾಳದ ಕಣಿಕಿ ಆಗ್ಯಾವು. ಎಣ್ಣಿ ಯಾವಾಗ ಹಚ್ಚೀದಿ?" ತಡೆಯುವ ಮೊದಲೇ ಬಾಯಿಗೆ ಬಂದುಬಿಟ್ಟಿತು.

ಕೈ ನಿಂತಿತು. ಸುವರ್ಣಾ ತಲೆ ಎತ್ತಿದಳು. "ಅವ್ವಾ! ಇದೇನು ನಾಟಕ?"

"ನಾಟಕ ಯಾಕ? ಚೀಟಿ ಮಾಡಿಸೇನಿ, ಪಾಳಿ ಹಚ್ಚೇನಿ. ರೀ ಹಚ್ಚಿ ಮಾತಾಡು."

ಸುವರ್ಣಾ ನಕ್ಕಳು. ನಗು ಪೂರ್ತಿಯಾಗಲಿಲ್ಲ. ಕೈ ಇನ್ನೂ ಮೊಣಕಾಲ ಮೇಲೇ ಇತ್ತು. ಈಗಷ್ಟೇ ಗಟ್ಟಿಯಾಗಿದ್ದ ಅದೇ ಕೈ ಸಣ್ಣಗೆ ನಡುಗುತ್ತಿತ್ತು. ತಾಯಿಗೂ ತಿಳಿಯಿತು, ಮಗಳಿಗೂ.

"ನೋಡಿದಿ? ನೀ ಅಂತ ಗೊತ್ತಾತು, ಹಿಂಗಾತು. ಸುತ್ತಿಗಿ ಹ್ಯಾಂಗ ಎತ್ತಲಿ?"

ಕಲ್ಲವ್ವ ಆ ಕೈಯನ್ನೇ ನೋಡಿದಳು. "ಮುಮತಾಜಬಿಗೆ ನಡುಗಿತ್ತೇನು?"

"ಇಲ್ಲವಾ."

"ಒಂಚೂರೂ?"

"ಒಂಚೂರೂ ಇಲ್ಲ."

"ಹಂಗಾರ ನಿಮ್ಮ ಸರನ್ನ ಕರಸು," ಎಂದು ಕಲ್ಲವ್ವ ಸೀರೆ ಇಳಿಸಿಕೊಂಡಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಕಲ್ಲವ್ವ ವಾಕರ್ ಹಿಡಿದು ಕಟ್ಟೆಯವರೆಗೆ ಬರುವಂತಾದ ಒಂದು ಭಾನುವಾರ ಮುಮತಾಜಬಿ ಬಂದಳು.

"ನಿಮಗ ಬ್ಯಾರೇ ಡಾಕ್ಟರು ಮಾಡಿದ್ರಂತ, ಪಾಪ. ನನಗ ನೋಡ್ರಿ, ಸುವರ್ಣಾನ ಕೈನ..."

"ನಿನ್ನ ಮಣಕಾಲ ಹಿಡದಾಗ ಅಕಿ ಕೈ ನಡುಗಿತ್ತೇನವಾ?"

"ಛೇ! ಕಲ್ಲಿನಂಗ ಗಟ್ಟಿ ಇತ್ತರಿ."

"ಹಾಂ," ಎಂದಳು ಕಲ್ಲವ್ವ, ಮುಖದ ತುಂಬ ನಗುತ್ತ.

ಮುಮತಾಜಬಿಗೆ ಆ ನಗು ಯಾಕೆಂದು ತಿಳಿಯಲಿಲ್ಲ. "ಅವ್ವಾ, ಸಾಕು ಮಾಡು," ಎಂದಳು ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದ ಸುವರ್ಣಾ.

"ನೀ ಸುಮ್ಮ ಕೂಡು, ತಲಿ ಅಲಗಸಬ್ಯಾಡ." ಕುರ್ಚಿಯಲ್ಲಿ ಕುಳಿತ ಕಲ್ಲವ್ವ ಮಗಳ ಜಡೆ ಬಿಚ್ಚಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ನೆತ್ತಿಗೆ ತಟ್ಟತೊಡಗಿದಳು.